ಬೇಸ್‌ಲೈನ್ ಪಕ್ಕದ ಕುರ್ಚಿ

ಶುಕ್ರವಾರ ಬೆಳಿಗ್ಗೆ ಅಂಪೈರ್‌ಗಳ ಡೇರೆಯಲ್ಲಿ ಅಂಕಣದ ಯಾವ ಗೆರೆ ಯಾರು ಕಾಯಬೇಕೆಂದು ಹಂಚುವಾಗ ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದದ್ದು ಒಂದೇ. ನನಗೆ ಬೇಸ್‌ಲೈನ್, ಅಂದರೆ ಅಂಕಣದ ತುದಿಯ ಅಡ್ಡಗೆರೆ, ಬೇಡ. ಸೈಡ್‌ಲೈನ್ ಕೊಡಲಿ, ನಡುಗೆರೆ ಕೊಡಲಿ, ನೆಟ್ಟಿನ ಪಕ್ಕ ಕೂರಿಸಲಿ, ಬೇಸ್‌ಲೈನ್ ಮಾತ್ರ ಬೇಡ. ನಮ್ಮ ಚೀಫ್, ಅಂದರೆ ಲೈನ್ ಅಂಪೈರ್‌ಗಳಿಗೆಲ್ಲ ಹಿರಿಯರು, ನನ್ನ ಮುಖ ನೋಡಿದರು. "ನೀವು ಬೇಸ್‌ಲೈನ್, ತೋಪಿನ ಕಡೆ" ಎಂದರು. ಆಯಿತು ಸಾರ್ ಎಂದು ಟೋಪಿ ಹಾಕಿಕೊಂಡೆ.

ಡೇವಿಸ್ ಕಪ್ ಪಂದ್ಯ ಅದು. ದೇಶಕ್ಕೂ ದೇಶಕ್ಕೂ ನಡುವೆ ನಡೆಯುವ ಗಂಡಸರ ಟೆನಿಸ್. ಶುಕ್ರವಾರ ಎರಡು ಸಿಂಗಲ್ಸ್, ಶನಿವಾರ ಡಬಲ್ಸ್, ಭಾನುವಾರ ಮತ್ತೆ ಎರಡು ಸಿಂಗಲ್ಸ್. ಐದರಲ್ಲಿ ಮೂರು ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ತೊಂಬತ್ತರ ದಶಕದ ನಡುವಿನ ಮಾತು. ಬಂದ ತಂಡದವರು ಮಣ್ಣಿನ ಅಂಕಣದಲ್ಲಿ ಆಡಿ ಬೆಳೆದವರು, ಹುಲ್ಲೆಂದರೆ ಅವರಿಗೆ ಆಗದು. ಅದಕ್ಕೇ ನಮ್ಮವರು ಹುಡುಕಾಡಿ ವೈಟ್‌ಫೀಲ್ಡ್ ಆಚೆಗಿನ ಒಂದು ಕಂಪನಿಯ ಕ್ಲಬ್ಬಿನಲ್ಲಿದ್ದ ಹುಲ್ಲಿನ ಅಂಕಣ ಹಿಡಿದಿದ್ದರು. ಸುತ್ತಲೂ ಪೈಪು ನಿಲ್ಲಿಸಿ, ಹಲಗೆ ಹಾಸಿ ಗ್ಯಾಲರಿ ಕಟ್ಟಿದ್ದರು. ಒಂದು ತುದಿಯಲ್ಲಿ ನೀಲಗಿರಿ ತೋಪು, ಇನ್ನೊಂದು ತುದಿಯಲ್ಲಿ ಆಗತಾನೆ ಏಳುತ್ತಿದ್ದ ಆಫೀಸು ಕಟ್ಟಡದ ಕಂಬಗಳು. ಎತ್ತರದ ಕುರ್ಚಿಯಲ್ಲಿ ಕೂರುವ ಅಂಪೈರೂ ಅವರ ಮೇಲಿನ ರೆಫರಿಯೂ ಬೇರೆ ದೇಶದವರು. ಗೆರೆ ಕಾಯುವ ನಾವೆಲ್ಲ ಈ ಊರಿನವರೇ.

ನನ್ನ ಹೊಟ್ಟೆಪಾಡು ಬೇರೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸ. ಲೇತಿನಿಂದ ಇಳಿದ ಶಾಫ್ಟುಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು. ಇಂಥ ಕೆಲಸದವನಿಗೆ ಕ್ಯಾಂಟೀನಿನಲ್ಲಿ ಜೊತೆ ಸಿಗುವುದು ಕಷ್ಟ. ಬೆಳಿಗ್ಗೆ ಒಬ್ಬನ ಮಾಲು ವಾಪಸ್ಸು ಕಳಿಸಿ ಮಧ್ಯಾಹ್ನ ಅವನ ಪಕ್ಕ ಕೂತು ಸಾರು ಬಡಿಸಿಕೊಳ್ಳುವುದು ಹೇಗೆ? ಬೆನ್ನ ಹಿಂದೆ ನನ್ನ ಹೆಸರು 'ರಿಜೆಕ್ಟ್'. ಒಬ್ಬನೇ ಒಬ್ಬ ಟರ್ನರ್, ಲೇತು ನಡೆಸುವವನು, ತುಮಕೂರು ಕಡೆಯವನು, ಅದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ತಟ್ಟೆ ಹಿಡಿದು ನನ್ನೆದುರು ಬಂದು ಕೂರುತ್ತಿದ್ದ. ಹೆಂಡತಿ ಮೊದಲ ಬಾಣಂತನಕ್ಕೆ ದಾವಣಗೆರೆಗೆ ತವರಿಗೆ ಹೋಗಿದ್ದಳು. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ನಾನೊಬ್ಬನೇ. ಆ ದಿನಗಳಲ್ಲಿ ಎಷ್ಟೋ ದಿನ ನಾನು ಇನ್ನೊಬ್ಬರೊಡನೆ ಮಾತಾಡಿದ್ದೇ ಆ ಟರ್ನರ್ ಎದುರು ಕೂತಾಗ.

ಬೇಸ್‌ಲೈನ್ ಬೇಡ ಎಂದುಕೊಂಡದ್ದಕ್ಕೆ ಕಾರಣವಿತ್ತು. ಬುಧವಾರ ನಮ್ಮ ದೇಶದ ತಂಡ ಅಭ್ಯಾಸಕ್ಕೆ ಇಳಿದಿತ್ತು. ನಮಗೂ ಅಭ್ಯಾಸವಾಗಲಿ ಎಂದು ಚೀಫ್ ಕುರ್ಚಿ ಹಾಕಿಸಿ ಕೂರಿಸಿದ್ದರು. ಚೆಂಡು ಗೆರೆಯ ಒಳಗೋ ಹೊರಗೋ ಎಂದು ಕೂಗುವುದಷ್ಟೇ ಬೇಸ್‌ಲೈನ್ ಅಂಪೈರನ ಕೆಲಸವಲ್ಲ. ಸರ್ವ್ ಮಾಡುವವನು ಚೆಂಡನ್ನು ಹೊಡೆಯುವ ಮೊದಲು ಅವನ ಕಾಲು ಗೆರೆಗೆ ತಾಗಿದರೆ ಅದು ಫುಟ್ ಫಾಲ್ಟ್, ಆ ಸರ್ವ್ ಲೆಕ್ಕಕ್ಕಿಲ್ಲ. ಒಂದು ಪಾಯಿಂಟಿಗೆ ಎರಡೇ ಸರ್ವ್, ಎರಡೂ ಕೆಟ್ಟರೆ ಪಾಯಿಂಟ್ ಎದುರಾಳಿಗೆ. ಅದನ್ನೂ ನಾವೇ ಕೂಗಬೇಕು. ಕುರ್ಚಿ ಗೆರೆಯ ನೇರಕ್ಕೆ ಇರುತ್ತದೆ. ಕಣ್ಣು ಪಾದದ ಮೇಲೆ, ಕಿವಿ ರಾಕೆಟ್ಟಿನ ಮೇಲೆ. ಟಪ್ ಎಂಬ ಸದ್ದಿಗೆ ಮೊದಲು ಬೂಟು ಗೆರೆ ಮುಟ್ಟಿತೋ, ಸದ್ದಿನ ಆಮೇಲೆ ಮುಟ್ಟಿತೋ, ಅಷ್ಟೇ ವಿಷಯ. ಬುಧವಾರ ನಮ್ಮ ಎರಡನೇ ಆಟಗಾರನ ಎಡಗಾಲು ನನಗೆ ಕಂಡಿತ್ತು. ಮೊದಲ ಸರ್ವ್‌ನಲ್ಲಿ ಏನೂ ಇಲ್ಲ. ಎರಡನೇ ಸರ್ವ್‌ಗೆ ಅವನು ಚೆಂಡನ್ನು ಇನ್ನಷ್ಟು ಮೇಲಕ್ಕೆ, ತಲೆಯ ಎಡಕ್ಕೆ ಎಸೆದು ಬೆನ್ನು ಬಾಗಿಸುತ್ತಿದ್ದ. ಆಗ ಎಡ ಬೂಟಿನ ಮೂತಿ ತಿರುಗಿ ಗೆರೆಯ ಕಡೆಗೆ ಜಾರುತ್ತಿತ್ತು.

ಆ ಸಂಜೆಯೇ ಚೀಫ್ ಹತ್ತಿರ ಹೋಗಿದ್ದೆ. "ಸಾರ್, ಆ ಹುಡುಗನಿಗೆ ಒಂದು ಮಾತು ಹೇಳಿಬಿಟ್ರೆ ಹೇಗೆ? ಒಂದು ನಾಲ್ಕು ಬೆರಳು ಹಿಂದೆ ನಿಂತ್ರೆ ಮುಗೀತು."

ಅವರು ನಿವೃತ್ತ ಬ್ಯಾಂಕ್ ಅಧಿಕಾರಿ. ಯಾರಿಗೂ ಸಲಿಗೆ ಕೊಟ್ಟವರಲ್ಲ. "ನೋಡ್ರೀ, ನಾವು ಆಟಗಾರರ ಜೊತೆ ಮಾತಾಡೋ ಹಾಗಿಲ್ಲ. ನಮ್ಮೋರಿಗೆ ಹೇಳಿದ್ಮೇಲೆ ಅವ್ರಿಗೂ ಹೇಳ್ಬೇಕು. ಕಾಲು ಹಿಂದಿಡಿ ಅನ್ನೋಕೆ ಅವ್ರಿಗೆ ಕೋಚ್ ಇದಾರೆ. ನಿಮ್ಗೆ ಕಂಡ್ರೆ ಕೂಗಿ, ಕಾಣ್ದಿದ್ರೆ ಸುಮ್ನಿರಿ."

ನ್ಯಾಯವಾದ ಮಾತೇ. ಆದರೂ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಶುಕ್ರವಾರ ಬೆಳಗಿನ ಸಿಂಗಲ್ಸ್ ನಮ್ಮ ಮೊದಲ ಆಟಗಾರ ಸಲೀಸಾಗಿ ಗೆದ್ದ. ಮಧ್ಯಾಹ್ನ ಎರಡನೆಯವನ ಸರದಿ. ಅಷ್ಟರಲ್ಲಿ ನಮ್ಮ ಕಾರ್ಖಾನೆಯ ಬಸ್ಸು ಬಂದಿತ್ತು. ಟರ್ನರ್ ಫೋರ್‌ಮನ್ನನ್ನು ಕಾಡಿ, ಫಸ್ಟ್ ಶಿಫ್ಟಿನ ಅರ್ಧ ಜನಕ್ಕೆ ರಜೆ ಹಾಕಿಸಿ, ಬಾವುಟ ತಮಟೆ ಸಮೇತ ಎಲ್ಲರನ್ನೂ ಹೊರಡಿಸಿಕೊಂಡು ಬಂದಿದ್ದ. ಅವರಲ್ಲಿ ಹೆಚ್ಚಿನವರಿಗೆ ಟೆನಿಸ್ ಲೆಕ್ಕವೇ ಗೊತ್ತಿಲ್ಲ. ಅವರಿಗೆ ಸಿಕ್ಕ ಜಾಗ ಸರಿಯಾಗಿ ನನ್ನ ಕುರ್ಚಿಯ ಬೆನ್ನಿಗೆ.

"ನೋಡ್ರೋ, ನಮ್ ಇನ್‌ಸ್ಪೆಕ್ಷನ್ ಸಾರು! ಕೋಟ್ ಆಕ್ಕಂಡ್ ಎಂಗ್ ಕುಂತವ್ರೆ ನೋಡ್ರೋ!" ಎಂದು ಟರ್ನರ್ ಕೂಗಿದ್ದು ಕೇಳಿಸಿತು. ಲೈನ್ ಅಂಪೈರ್ ತಿರುಗಿ ನೋಡುವಂತಿಲ್ಲ, ನಗುವಂತಿಲ್ಲ, ನಮ್ಮವರು ಎಂಥ ಹೊಡೆತ ಹೊಡೆದರೂ ಚಪ್ಪಾಳೆ ತಟ್ಟುವಂತಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತೆ. ಒಳಗೊಳಗೆ ಖುಷಿಯಾಯಿತು. ಅಷ್ಟು ಜನ ನನ್ನನ್ನು ತಮ್ಮವನು ಎಂದು ಕೂಗಿದ್ದು ಅದೇ ಮೊದಲು.

ಆಟ ಜಗ್ಗಾಡಿತು. ಮೊದಲ ಸೆಟ್ ಅವರಿಗೆ, ಎರಡನೆಯದು ನಮಗೆ. ಬೂಟಿನ ಮೂತಿ ಬುಧವಾರದಂತೆಯೇ ಜಾರುತ್ತಿತ್ತು. ಗೆರೆಗೂ ಬೂಟಿಗೂ ನಡುವೆ ಒಂದೆಳೆ ಹಸಿರು ಕಾಣುತ್ತಿತ್ತು, ಕೆಲವು ಸಲ ಅದೂ ಕಾಣುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಟಪ್ ಎಂದಿರುತ್ತಿತ್ತು. ಹುಲ್ಲಿನ ಮೇಲೆ ಗೆರೆ ಎಳೆದದ್ದು ಸುಣ್ಣದಲ್ಲಿ. ಸುಣ್ಣವೂ ಬಿಳಿ, ಬೂಟೂ ಬಿಳಿ. ತಾಗಿದರೂ ಗುರುತು ಉಳಿಯದು. ಅನುಮಾನವಿದ್ದರೆ ಕೂಗಬಾರದು ಎಂಬುದು ನಮಗೆ ಕಲಿಸಿದ ಪಾಠ. ಕಾರ್ಖಾನೆಯಲ್ಲಾದರೆ ಅನುಮಾನದ ಮಾಲಿಗೆ ಬೇರೆ ಟ್ರೇ ಇದೆ. ಅದರಲ್ಲಿಟ್ಟರೆ ನಾಳೆ ಇನ್ನೊಬ್ಬ ಬಂದು ಇನ್ನೊಂದು ಗೇಜ್ ಹಿಡಿದು ಅಳೆಯುತ್ತಾನೆ. ಇಲ್ಲಿ ನಾನು ಬಿಟ್ಟದ್ದು ಬಿಟ್ಟಂತೆಯೇ. ನಾನು ಬಿಡುತ್ತಾ ಹೋದೆ.

ಮೂರನೇ ಸೆಟ್ಟಿನ ಹೊತ್ತಿಗೆ ಲೈನ್ ಅಂಪೈರ್‌ಗಳ ಇನ್ನೊಂದು ಗುಂಪು ಬಂದು ನಮ್ಮ ಜಾಗಕ್ಕೆ ಕೂತಿತು. ಡೇರೆಯಲ್ಲಿ ನೀರು ಕುಡಿಯುತ್ತಾ ಕೂತಾಗ ಒಂದು ಯೋಚನೆ ಹತ್ತಿತು. ನನಗೆ ಬಂದದ್ದು ನಿಜವಾದ ಅನುಮಾನವೋ, ನನಗೆ ಬೇಕಾಗಿದ್ದ ಅನುಮಾನವೋ? ಬಂದವರ ಆಟಗಾರನ ಬೂಟು ಹೀಗೇ ಜಾರಿದ್ದರೆ ನಾನು ಇಷ್ಟು ಸಲ ಅನುಮಾನ ಪಡುತ್ತಿದ್ದೆನೇ? ಎದುರು ತುದಿಯ ಬೇಸ್‌ಲೈನ್ ನೋಡುತ್ತಿದ್ದ ಕಾಲೇಜು ಮೇಷ್ಟ್ರನ್ನು ನಮ್ಮವನ ಕಾಲಿನ ವಿಷಯ ಮೆಲ್ಲಗೆ ಕೇಳಿದೆ. "ನನ್ ಕಡೆ ಸರಿಯಾಗೇ ಇದೆಯಪ್ಪ" ಎಂದು ಅವರು ಬಿಸ್ಕತ್ತು ಮುರಿದರು. ಮತ್ತೆ ಕುರ್ಚಿಗೆ ಹೋಗುವ ಮೊದಲು ನಾನು ತೀರ್ಮಾನಿಸಿಕೊಂಡದ್ದು ಇಷ್ಟು. ಅವನ ಅಂಗಿಯ ಬಣ್ಣ, ಮುಖ ಯಾವುದನ್ನೂ ನೋಡುವುದಿಲ್ಲ. ಮೊಣಕಾಲಿಗಿಂತ ಮೇಲೆ ಕಣ್ಣು ಎತ್ತುವುದೇ ಇಲ್ಲ.

ಸೆಟ್ಟು ಎರಡು ಎರಡು ಸಮ. ಕೊನೆಯ, ಐದನೇ ಸೆಟ್ಟಿಗೆ ನಾವು ಮತ್ತೆ ಕೂತೆವು. ಗೇಮು ನಾಲ್ಕು ನಾಲ್ಕು. ನಮ್ಮವನು ಸರ್ವ್ ಮಾಡುತ್ತಿದ್ದದ್ದು ನನ್ನ ತುದಿಯಿಂದ. ಮೂವತ್ತು ನಲವತ್ತು. ಆ ಪಾಯಿಂಟ್ ಹೋದರೆ ಗೇಮ್ ಹೋಗುತ್ತದೆ, ಗೇಮ್ ಹೋದರೆ ಪಂದ್ಯ ಹೋದಂತೆಯೇ. ಮೊದಲ ಸರ್ವ್ ನೆಟ್ಟಿಗೆ ಬಡಿಯಿತು. ನಾನು ಬೂಟು ನೋಡುತ್ತಿದ್ದೆ. ಚೆಂಡು ಮೇಲೆ ಹೋಗಿರಬೇಕು, ಹಿಮ್ಮಡಿ ಎದ್ದಿತು, ಮೂತಿ ತಿರುಗಿತು. ಸುಣ್ಣದ ಮೇಲೆ ಕೂತಿತು. ಆ ಒಂದೆಳೆ ಹಸಿರು ಇಲ್ಲವಾಯಿತು. ಸದ್ದು ಇನ್ನೂ ಆಗಿರಲಿಲ್ಲ. ಆಮೇಲೆ ಟಪ್.

"ಫುಟ್ ಫಾಲ್ಟ್!"

ನನ್ನ ಕೈ ಮೇಲಕ್ಕೆ ಎದ್ದಿತ್ತು. ಎತ್ತರದ ಕುರ್ಚಿಯ ಅಂಪೈರ್ ಅದನ್ನೇ ಮತ್ತೆ ಹೇಳಿದರು. ಎರಡನೇ ಸರ್ವ್ ಅದು, ಡಬಲ್ ಫಾಲ್ಟ್, ಗೇಮ್ ಹೋಯಿತು. ಆಮೇಲೆ ಹಲಗೆಗಳ ಮೇಲೆ ಕಾಲು ಬಡಿಯುವ ಸದ್ದು ಶುರುವಾಯಿತು. ನೀರಿನ ಬಾಟಲಿಯೊಂದು ನನ್ನ ಕುರ್ಚಿಯ ಪಕ್ಕ ಬಿತ್ತು. ನಮ್ಮ ತಂಡದ ಕ್ಯಾಪ್ಟನ್ ಎದ್ದು ಬಂದು ಅಂಪೈರ್ ಎದುರು ಕೈ ಬೀಸತೊಡಗಿದರು. ಅಂಪೈರ್ ನನ್ನ ಕಡೆ ತಿರುಗಿ, ಯಾವ ಕಾಲು, ಮುಟ್ಟಿತೋ ದಾಟಿತೋ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಎಡಗಾಲು, ಗೆರೆಯ ಮೇಲೆ ಎಂದೆ. ಅಷ್ಟಕ್ಕಿಂತ ಹೆಚ್ಚು ಹೇಳಲು ನನಗೆ ಅನುಮತಿ ಇಲ್ಲ. ಆಟಗಾರ ತನ್ನ ಬೂಟು ನೋಡಿಕೊಂಡ, ಆಮೇಲೆ ನನ್ನನ್ನು ನೋಡಿದ. ಅವನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆ ಹೊತ್ತಿನಲ್ಲಿ ಅವನ ಕಣ್ಣು ಆಕಾಶದಲ್ಲಿರುತ್ತದೆ. ದೂರದರ್ಶನದ ಕ್ಯಾಮೆರಾ ಇದ್ದದ್ದು ಎದುರು ತುದಿಯಲ್ಲಿ. ಅಷ್ಟು ಸಾವಿರ ಜನರ ನಡುವೆ ಅದನ್ನು ಕಂಡವನು ನಾನೊಬ್ಬನೇ ಎಂದು ಆಗ ಹೊಳೆಯಿತು.

"ಏ ಇನ್‌ಸ್ಪೆಕ್ಷನ್ನು! ಇಲ್ಲೂ ರಿಜೆಕ್ಟಾ ಗುರು?" ಬೆನ್ನ ಹಿಂದಿನಿಂದ ಯಾರೋ ಕೂಗಿದರು. "ಯಾವ್ ದೇಶದೋನೋ ನೀನು?" ಎಂದು ಇನ್ನೊಬ್ಬ. ನಾನು ಕಿವಿಗೊಟ್ಟು ಕಾದದ್ದು ಟರ್ನರ್ ದನಿಗೆ. ಬೈದಿದ್ದರೂ ಸಮಾಧಾನವಾಗುತ್ತಿತ್ತು. ಅವನು ಬಾಯಿಯೇ ಬಿಡಲಿಲ್ಲ. ಮುಂದಿನ ಗೇಮಿನಲ್ಲಿ ಎದುರಾಳಿ ಪಂದ್ಯ ಮುಗಿಸಿದ.

ಸಂಜೆ ಗೇಟಿನ ಹೊರಗೆ ನಮ್ಮ ಬಸ್ಸು ನಿಂತಿತ್ತು. ಹೋಗುವಾಗ ಅದರಲ್ಲೇ ಬನ್ನಿ ಎಂದು ಟರ್ನರ್ ಮೊದಲೇ ಹೇಳಿದ್ದ. ನಾನು ಹತ್ತಿರ ಬರುವುದನ್ನು ಕಂಡು ಟರ್ನರ್ ಬೇಗ ಬೇಗ ಇಳಿದು ಬಂದ.

"ಸಾರ್, ನೀವ್ ಇವತ್ತು ಬಿಟಿಎಸ್ ಬಸ್ಸಲ್ಲೇ ಬಂದ್ಬಿಡಿ. ಇವ್ರೆಲ್ಲ ಒಸಿ ಬಿಸಿಯಾಗವ್ರೆ. ಸುಮ್ಕೆ ಯಾಕೆ?"

"ಸರಿ ಕಣಪ್ಪ" ಎಂದೆ. ಅವನು ನನ್ನ ಮುಖ ನೋಡದೆಯೇ ಹೇಳಿದ್ದ. ಕೋಟು ಬಿಚ್ಚಿ ಮಡಿಸಿ ಕೈಚೀಲಕ್ಕೆ ತುರುಕಿ, ಮೆಜೆಸ್ಟಿಕ್‌ಗೆ ಹೋಗುವ ಸಿಟಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಟ್ರಾನ್ಸಿಸ್ಟರ್ ಹಿಡಿದ ಇಬ್ಬರು ಆ ಲೈನ್ ಅಂಪೈರನ ವಂಶವನ್ನೇ ಜಾಲಾಡಿಸುತ್ತಿದ್ದರು. ನಾನು ಕಿಟಕಿ ಕಡೆ ತಿರುಗಿ ಕೂತೆ.

ದಾಸರಹಳ್ಳಿಯಲ್ಲಿ ಇಳಿದು ಎಸ್‌ಟಿಡಿ ಬೂತಿಗೆ ಹೋಗಿ ದಾವಣಗೆರೆಗೆ ಫೋನ್ ಹಚ್ಚಿದೆ. ಹೆಂಡತಿಯ ಅಪ್ಪನ ಮನೆಯಲ್ಲಿ ಎಲ್ಲರೂ ಟಿವಿ ನೋಡಿದ್ದರಂತೆ, ನನ್ನ ಟೋಪಿ ಕಂಡು ಕುಣಿದಿದ್ದರಂತೆ. ಅವಳು ಸ್ವಲ್ಪ ಹೊತ್ತು ಊಟದ ವಿಚಾರ ಕೇಳಿದಳು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ರಿ, ಮುಟ್ಟಿತ್ತಾ?" ಎಂದಳು.

"ಮುಟ್ಟಿತ್ತು."

"ಹಂಗಾದ್ರ ಸರಿ ಬಿಡ್ರಿ. ಅಪ್ಪಾರು ಕೇಳಾಕತ್ತಿದ್ರು."

ನಂಬಿದಳು ಎಂದೇ ಇವತ್ತಿಗೂ ಅಂದುಕೊಂಡಿದ್ದೇನೆ. ಆದರೆ ಕೇಳಿದಳಲ್ಲ. ಅದು ನನಗೆ ನೋವಾಯಿತು. ಅಡುಗೆ ಮಾಡಿಕೊಳ್ಳಲು ಮನಸ್ಸು ಬರದೆ ಮೊಸರು ಅವಲಕ್ಕಿ ತಿಂದು ಮಲಗಿದೆ.

ಶನಿವಾರ ಡಬಲ್ಸ್ ನಮ್ಮವರು ಗೆದ್ದರು. ನಾನು ಸೈಡ್‌ಲೈನಿನಲ್ಲಿ ಕೂತಿದ್ದೆ, ಯಾರೂ ಗುರುತಿಸಲಿಲ್ಲ. ಆಟ ಮುಗಿದ ಮೇಲೆ ಚೀಫ್ ನನ್ನನ್ನು ಡೇರೆಯ ಹಿಂದಕ್ಕೆ ಕರೆದರು.

"ನಿಮ್ಮನ್ನ ಬದಲಾಯಿಸಿ ಅಂತ ಕ್ಯಾಪ್ಟನ್ ಕೇಳಿದಾರೆ. ರೆಫರಿ ಒಪ್ಪಲಿಲ್ಲ. ಆದ್ರೆ ನೀವೇ ಬೇಡ ಅಂದ್ರೆ ನಾಳೆ ಬೇರೆ ಗೆರೆ ಹಾಕ್ತೀನಿ. ಯಾರೂ ತಪ್ಪು ತಿಳ್ಕೊಳಲ್ಲ ಕಣ್ರೀ."

ಅವರ ದನಿ ಮೆದುವಾಗಿದ್ದದ್ದನ್ನು ಅದೇ ಮೊದಲು ಕೇಳಿದೆ. ಬೇರೆ ಗೆರೆ ಕೊಡಿ ಎಂಬ ಮಾತು ಬಾಯಿಗೆ ಬಂದಿತ್ತು. ಸೈಡ್‌ಲೈನಿನಲ್ಲಿ ತಣ್ಣಗೆ ಕೂತು ಸೋಮವಾರ ಕಾರ್ಖಾನೆಗೆ ಹೋಗಬಹುದಿತ್ತು. ಆದರೆ ನಾನು ಎದ್ದು ಹೋದರೆ ಶುಕ್ರವಾರ ಕಂಡದ್ದು ಸುಳ್ಳೆಂದು ನಾನೇ ಒಪ್ಪಿಕೊಂಡ ಹಾಗೆ. ಅದಕ್ಕಿದ್ದ ಸಾಕ್ಷಿ ನಾನೊಬ್ಬ. ನಾನೂ ಬಿಟ್ಟರೆ ಅದು ನಡೆದೇ ಇಲ್ಲವೆಂದಾಗುತ್ತಿತ್ತು. "ಅದೇ ಕುರ್ಚಿ ಇರಲಿ ಸಾರ್" ಎಂದೆ. ಅವರು ತಲೆಯಾಡಿಸಿ ಹೋದರು.

ಭಾನುವಾರ ಮೊದಲ ಸಿಂಗಲ್ಸ್ ನಮ್ಮವರು ಸೋತರು. ಎರಡು ಎರಡು ಸಮ. ಕೊನೆಯ ಪಂದ್ಯ ಆಡಬೇಕಾದವನು ಅದೇ ಎರಡನೇ ಆಟಗಾರ. ನಾನು ಅಂಕಣಕ್ಕೆ ಕಾಲಿಡುತ್ತಿದ್ದಂತೆ ಗ್ಯಾಲರಿ ಹೋ ಎಂದು ಕೂಗಿತು. ಕುರ್ಚಿಯಲ್ಲಿ ಕೂತು ಕಣ್ಣನ್ನು ಹುಲ್ಲಿಗೆ ಇಳಿಸಿದೆ. ಮೂರು ದಿನದ ಆಟಕ್ಕೆ ಗೆರೆಯ ಹಿಂದೆ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಅವನು ನನ್ನ ತುದಿಗೆ ಬಂದು ನಿಂತ. ಚೆಂಡನ್ನು ನೆಲಕ್ಕೆ ತಟ್ಟಿದ. ತಲೆ ತಗ್ಗಿಸಿ ತನ್ನ ಎಡಗಾಲನ್ನು ನೋಡಿದ, ಆಮೇಲೆ ಅದನ್ನು ಹಿಂದಕ್ಕೆ ಎಳೆದುಕೊಂಡ.

ನಾಲ್ಕು ಬೆರಳು. ಸವೆದ ಜಾಗವನ್ನು ಬಿಟ್ಟು ಇನ್ನೂ ಹಸಿರಾಗಿದ್ದ ಹುಲ್ಲಿನ ಮೇಲೆ ಅವನು ನಿಂತಿದ್ದ. ಮೊದಲ ಸರ್ವ್‌ನಲ್ಲೂ ಅಲ್ಲೇ, ಎರಡನೆಯದರಲ್ಲೂ ಅಲ್ಲೇ. ಬೂಟು ಎಷ್ಟು ತಿರುಗಿದರೂ ಗೆರೆಯ ಹತ್ತಿರ ಸುಳಿಯಲಿಲ್ಲ. ಪ್ರತಿ ಸರ್ವ್‌ಗೂ ಮೊದಲು ಒಮ್ಮೆ ಕೆಳಗೆ ನೋಡುತ್ತಿದ್ದ. ಯಾರು ಹೇಳಿದರೋ, ಅವನಿಗೇ ಅನ್ನಿಸಿತೋ ನನಗೆ ಗೊತ್ತಿಲ್ಲ. ನನ್ನ ಕಡೆ ಮಾತ್ರ ಒಮ್ಮೆಯೂ ತಿರುಗಲಿಲ್ಲ. ನನಗೆ ಅಳು ಬರುವಂತಾಯಿತು, ಟೋಪಿಯನ್ನು ಮುಂದಕ್ಕೆ ಎಳೆದುಕೊಂಡೆ.

ಆದರೆ ಕಾಲಿನ ಮೇಲೆ ಗಮನವಿಟ್ಟವನ ಸರ್ವ್ ಹೇಗೆ ನೆಟ್ಟಗಾದೀತು? ಅವನ ಎರಡನೇ ಸರ್ವ್ ಹಳೆಯ ಪುಟಿತ ಕಳೆದುಕೊಂಡು ಮೆತ್ತಗೆ ಬೀಳುತ್ತಿತ್ತು. ಎದುರಾಳಿ ಒಂದು ಹೆಜ್ಜೆ ಒಳಗೆ ಬಂದು ಬಾರಿಸುತ್ತಿದ್ದ. ನಾನು ಒಂದೇ ಒಂದು ಸಲವೂ ಬಾಯಿ ತೆರೆಯದೆ ಕೂತು, ನಮ್ಮವನು ಸೋಲುವುದನ್ನು ಮೊಣಕಾಲಿನ ಎತ್ತರದಲ್ಲಿ ನೋಡಿದೆ. ನಾಲ್ಕನೇ ಸೆಟ್ಟಿಗೆ ಮುಗಿಯಿತು. ಅವರು ಮೂರು, ನಾವು ಎರಡು. ಸರಿಯಾಗಿ ನಿಂತವನು ಸೋತದ್ದನ್ನು ಕಂಡು, ಶುಕ್ರವಾರವೇ ಕಣ್ಣು ಮುಚ್ಚಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು.

ಸೋಮವಾರ ಶಾಪಿನಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಮಾಲು ತಂದಿಟ್ಟು ಹೋಗುತ್ತಿದ್ದರು, ಅಷ್ಟೇ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟರ್ನರ್ ಎಂದಿನಂತೆ ತಟ್ಟೆ ಹಿಡಿದು ಬಂದ. ಕೂರಲಿಲ್ಲ. ಮೇಜಿನ ಪಕ್ಕ ನಿಂತುಕೊಂಡೇ ಕೇಳಿದ.

"ಸುಕ್ರವಾರ ಅವ್ನು ಗೆದ್ದಿದ್ರೆ ಸನಿವಾರಕ್ಕೇ ಮುಗ್ದೋಗ್ತಿತ್ತಂತೆ. ಫೋರ್‌ಮನ್ ಲೆಕ್ಕ ಆಕಿ ಯೋಳುದ್ರು. ಔದಾ ಸಾರ್?"

"ಹೌದು. ಮೂರು ಸೊನ್ನೆ ಆಗ್ತಿತ್ತು."

"ನೀವ್ ಬಿಟ್ಟಿದ್ರೆ ಯಾರ್ಗಾರ ಗೊತ್ತಾಗ್ತಿತ್ತಾ?"

"ಯಾರಿಗೂ ಗೊತ್ತಾಗ್ತಿರಲಿಲ್ಲ."

ಇಷ್ಟು ದಿನ ನನ್ನೆದುರು ಕೂತವನಿಗೆ ನಾನೂ ಏನಾದರೂ ಕೊಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಅದೊಂದೇ. "ನಿನ್ನೆ ಅವನು ಗೆರೆಯಿಂದ ನಾಲ್ಕು ಬೆರಳು ಹಿಂದೆ ನಿಂತು ಆಡಿದ ಕಣೋ. ಪ್ರತಿ ಸಲಾನೂ. ಶುಕ್ರವಾರ ತಾಗದೇ ಇದ್ದಿದ್ರೆ ಯಾಕೆ ಹಿಂದೆ ಹೋಗ್ತಿದ್ದ ಹೇಳು?"

"ಅದ್ನ ಯಾರ್ ನೋಡುದ್ರು ಸಾರ್?"

"ನಾನು ನೋಡಿದೆ."

ಅವನು ನನ್ನ ಮುಖ ನೋಡಿದ. ಆಮೇಲೆ ತಟ್ಟೆ ಹಿಡಿದುಕೊಂಡೇ ಉಳಿದವರ ಮೇಜಿಗೆ ಹೋಗಿ ಕೂತ. ಕೂಗಿ ಕರೆಯಬೇಕೆನಿಸಿತು. ಕರೆದು ಹೇಳಲು ಬೇರೆ ಏನೂ ಇರಲಿಲ್ಲ. ಅನ್ನ ಆರುತ್ತಿತ್ತು, ಸಾರು ಕಲಸಿಕೊಂಡು ಉಂಡೆ.